ಹದಿನೈದು ಎಲೆಗಳ ಧೈರ್ಯ

ಹೊಲಿಗೆ ಅಂಗಡಿಯ ಪ್ಯಾಂಟ್ ಮಾಸ್ತರನಿಗೆ ಯಾರಿಗೂ ‘ಆಗಲ್ಲ’ ಎನ್ನಲು ಬಾರದು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ‘ಹೌದಪ್ಪ’. ಬೆಳಿಗ್ಗೆ ಮಗಳು, “ಶನಿವಾರ ನನ್ನ ಈಜಿನ ಪಂದ್ಯ. ಹೋದ ಸಲದ ಥರ ಕೈಕೊಟ್ರೆ ಮಾತೇ ಬಿಡ್ತೀನಿ,” ಎಂದಾಗಲೂ ಹಿಂದುಮುಂದು ನೋಡದೆ ಹೂಂ ಅಂದುಬಿಟ್ಟ.

ಅಂಗಡಿಗೆ ಬಂದು ಪಂದ್ಯದ ವಿಷಯ ಹೇಳಿ ರಜೆ ಕೇಳಿದರೆ, ಕಾಲರ್ ಹೊಲಿಯುವ ಅಕ್ಕನಿಗೂ ಇಸ್ತ್ರಿಯವನಿಗೂ ಅದೇ ಶನಿವಾರ ರಜೆ ಬೇಕು.

“ಒಬ್ಬರಿಗೆ ಕೊಡ್ತೀನಿ. ಯಾರಿಗೆ ಅಂತ ನೀವೇ ಬಡಿದಾಡಿಕೊಳ್ಳಿ,” ಎಂದರು ಯಜಮಾನರು.

ಬಡಿದಾಡಲು ತ್ರಾಣವಿಲ್ಲದ ಮೂವರೂ ಊಟದ ಹೊತ್ತಿಗೆ ಕತ್ತರಿಸುವ ಮೇಜಿನ ಮೇಲೆ ಪೋಕರ್ ಆಡಲು ಕೂತರು. ಪಣಕ್ಕೆ ಗುಂಡಿಗಳು. ಊಟದ ಹೊತ್ತು ಮುಗಿದಾಗ ಯಾರ ಮುಂದೆ ಗುಂಡಿ ಹೆಚ್ಚೋ ಅವರಿಗೆ ರಜೆ.

ಇಸ್ತ್ರಿಯವನು ಹತ್ತೇ ನಿಮಿಷಕ್ಕೆ ಬರಿಗೈಯಾಗಿ, ಹೌದಪ್ಪನ ಬೆನ್ನ ಹಿಂದೆ ನಿಂತು ಇಣುಕತೊಡಗಿದ. ಉಳಿದಿಬ್ಬರದು ಸಮಸಮ. ಕೊನೆಯ ಆಟ ಬಂತು.

ಹೌದಪ್ಪನ ಕೈಯಲ್ಲಿ ಆಟೀನ್ ಎಂಟು, ಒಂಬತ್ತು. ಮೇಜಿನ ಮೇಲೆ ಬಿಚ್ಚಿಟ್ಟ ಮೂರೆಲೆ: ಆಟೀನ್ ಏಳು, ಆಟೀನ್ ಹತ್ತು, ಕಳಾವರ್ ರಾಜ. ಬಿಚ್ಚಬೇಕಾದದ್ದು ಇನ್ನೆರಡು. ಕೈಯದೂ ಮೇಜಿನದೂ ಸೇರಿಸಿ ಒಳ್ಳೆಯ ಐದೆಲೆ ಕೂಡಿಸುವ ಆಟ; ಮತ್ತೊಂದು ಆಟೀನ್ ಬಂದರೆ ಐದೂ ಆಟೀನ್. ಆರೋ ಗುಲಾಮನೋ ಬಂದರೆ ಐದೂ ಒಂದರ ಹಿಂದೊಂದು ಸಾಲು. ಬೆರಳು ಮಡಿಸಿ ಎಣಿಸಿದ. ಅವನನ್ನು ಉದ್ಧರಿಸಬಲ್ಲ ಎಲೆಗಳು ಹದಿನೈದು! ಸದ್ಯಕ್ಕೆ ಮಾತ್ರ ಅದು ತೋಳಿಲ್ಲದ ಕೋಟು. ನೋಡಲು ಭರ್ಜರಿ, ತೊಡಲು ಬಾರದು.

ಹೆಂಡತಿಯ ತಮ್ಮ ಹೇಳಿಕೊಟ್ಟಿದ್ದು ನೆನಪಾಯಿತು: “ಕೈ ಹೀಗೆ ಅರ್ಧ ಕೂಡಿದಾಗ ಎಲೆ ಕಾಯ್ತಾ ಕೂರಬೇಡಿ ಭಾವ, ನೀವೇ ಪಣ ಏರಿಸಿ. ಎದುರಿನವರು ಹೆದರಿ ಎಲೆ ಎಸೆದ್ರೆ ಅಲ್ಲೇ ಗೆದ್ರಿ. ಹೆದರದಿದ್ರೂ ಎಲೆ ಬರಬಹುದು.”

ಅಷ್ಟರಲ್ಲಿ ಹಿಂದಿನಿಂದ ಇಸ್ತ್ರಿಯವನು, “ಅಯ್ಯೋ ಪಾಪ!” ಎಂದು ಲೊಚಗುಟ್ಟಿದ.

ಹೌದಪ್ಪನ ಎದೆ ಹೊಲಿಗೆ ಯಂತ್ರದಂತೆ ಕಟಕಟ ಹೊಡೆದುಕೊಂಡಿತು. ಗುಟ್ಟು ರಟ್ಟಾಗುವ ಮುಂಚೆ ಇದ್ದಬದ್ದ ಗುಂಡಿಯನ್ನೆಲ್ಲ ಮುಂದಕ್ಕೆ ನೂಕಿದ.

“ಯಾರೋ ಪಾಪ?” ಎಂದಳು ಅಕ್ಕ.

“ನೀವೇ ಅಕ್ಕಾ,” ಎಂದ ಹೌದಪ್ಪ. ಜೀವಮಾನದಲ್ಲೇ ಮೊದಲ ಸಲ ಅವನ ದನಿ ನಡುಗಲಿಲ್ಲ.

ಅಕ್ಕ ಅವನನ್ನು ನೋಡಿದಳು, ಗುಂಡಿರಾಶಿಯನ್ನು ನೋಡಿದಳು. “ಒಂದು ಸೂಜಿಗೂ ಜಗಳ ಆಡದೋನು ನೀನು. ಹೀಗೆ ನೂಕ್ತೀಯ ಅಂದ್ರೆ ಏನೋ ಭಾರೀನೇ ಇದೆ. ತಗೋ ತಮ್ಮಾ, ನಿನ್ನ ರಜೆ!” ಎಂದು ಎಲೆ ಎಸೆದಳು.

ಖುಷಿ ತಡೆಯಲಾರದೆ ಹೌದಪ್ಪ ತನ್ನೆಲೆ ತೋರಿಸಿಬಿಟ್ಟ.

“ಬರೀ ಎಂಟು, ಒಂಬತ್ತಾ? ನನ್ನ ಹತ್ರ ಇನ್ನೊಂದು ರಾಜ ಇತ್ತಲ್ಲೋ, ಮೇಜಿನದೂ ಸೇರಿ ಜೋಡಿ, ಮಳ್ಳ!”

ಬಟ್ಟೆ ಹಾಕಿ ನೋಡುವ ಕೋಣೆಯ ಪರದೆ ಸರಿಯಿತು. ಯಜಮಾನರು ಚಪ್ಪಾಳೆ ತಟ್ಟುತ್ತ ಹೊರಬಂದರು.

“ಶಭಾಷ್! ಶನಿವಾರ ಬ್ಯಾಂಡಿನವರು ಇಪ್ಪತ್ತು ಕೋಟು ತಗೊಳ್ಳೋಕೆ ಬರ್ತಾರೆ. ಬಟ್ಟೆಗೆ ಕತ್ತರೀನೇ ಬಿದ್ದಿಲ್ಲ. ಮುಖಕ್ಕೆ ಮುಖ ಕೊಟ್ಟು ‘ಗುಂಡಿ ಒಂದೇ ಬಾಕಿ’ ಅನ್ನೋ ಗಂಡಸು ಎಲ್ಲಿ ಸಿಗ್ತಾನೆ ಅಂತ ತಲೆ ಕೆಟ್ಟುಹೋಗಿತ್ತು. ಅಂಗಡೀಲೇ ಇದ್ದೀಯಲ್ಲಯ್ಯ! ಅವತ್ತು ಗಲ್ಲಾದ ಮುಂದೆ ನೀನೊಬ್ಬ ಇದ್ರೆ ಸಾಕು. ಅವರಿಬ್ರೂ ರಜೆ ತಗೊಳ್ಳಲಿ.”

ಹೌದಪ್ಪನ ಬಾಯಿಂದ ಅಭ್ಯಾಸಬಲದಿಂದ “ಹೂಂ” ಬಿದ್ದೇಹೋಯಿತು.

“ಬೇಜಾರು ಮಾಡ್ಕೋಬೇಡ ತಮ್ಮಾ, ನಿನ್ನ ಮಗಳಿಗೆ ನಾನು ಹೋಗಿ ಚಪ್ಪಾಳೆ ಹೊಡೀತೀನಿ,” ಎಂದಳು ಅಕ್ಕ.

ಸಂಜೆ ಮಗಳು ಬಾಗಿಲಲ್ಲೇ ಕಾದಿದ್ದಳು. “ಅಪ್ಪಾ, ಶನಿವಾರ ಬರ್ತೀಯಲ್ವಾ?”

ಹೌದಪ್ಪ ಮಧ್ಯಾಹ್ನದ ಅದೇ ಮುಖ ಮಾಡಿ, ಅದೇ ದನಿಯಲ್ಲಿ, “ಬಂದೇಬಿಟ್ಟೆ ಅಂದ್ಕೋ ಪುಟ್ಟಿ,” ಎಂದ.

ಮಗಳು ಅವನನ್ನೊಮ್ಮೆ ದಿಟ್ಟಿಸಿದಳು. “ಅಮ್ಮಾ, ಈ ಸಲಾನೂ ಬರಲ್ವಂತೆ! ಅಪ್ಪಂಗೆ ಸುಳ್ಳು ಹೇಳಕ್ಕೇ ಬರಲ್ಲ.”