ಮನೆಯೊಳಗೆ ಮೆಷಿನ್ ಜಾಗ

ಮೊದಲೇ ಒಂದು ರಾಜ್ಯರಹಸ್ಯ ಹೇಳಿಬಿಡುತ್ತೇನೆ, ನಿಮ್ಮಲ್ಲೇ ಇರಲಿ. ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವನು ನಾನು. ಮದುವೆಯಾದ ಹೊಸದರಲ್ಲಿ ಸೋಪು ಮುಟ್ಟಿದರೆ ನನ್ನ ಹೆಂಡತಿ ಶಿವರಂಜನಿಯ ಕೈಯೆಲ್ಲ ಕೆರೆಯುತ್ತಿತ್ತು. ಆರು ವಾರ ಸೋಪು ಬೇಡ ಎಂದರು ಚರ್ಮದ ಡಾಕ್ಟರು. ಆ ಆರು ವಾರ ಶುರುವಾಗಿ ಈಗ ಒಂಬತ್ತು ವರ್ಷ. (ಪಾತ್ರೆ ಸೋಪಿಗೆ ಕೆರೆಯುವುದಿಲ್ಲವೇ ಎಂದು ಕೇಳಬೇಡಿ. ಆ ಮಾತು ಎತ್ತಿದರೆ ಪಾತ್ರೆಯೂ ನನ್ನ ಪಾಲಿಗೇ ಬಂದೀತು.)

ಗುಂಡ್ಲುಪೇಟೆಯಲ್ಲಿದ್ದಾಗ ತೊಂದರೆ ಇರಲಿಲ್ಲ. ಹಿತ್ತಲಿಗೆ ಆಳೆತ್ತರದ ಕಾಂಪೌಂಡು. ಅದರೊಳಗೆ ಕಲ್ಲು, ಸೀರೆ, ನಾನು. ಹೊರಗೆ ಬಂದರೆ ಹೈಸ್ಕೂಲಿನ ಗಣಿತದ ಸೋಮಶೇಖರ್ ಮೇಷ್ಟ್ರು. ಹರವೆಯಲ್ಲಿರುವ ನಮ್ಮವ್ವ ಶಿವರುದ್ರಮ್ಮನಿಗೂ ಈ ಸಂಗತಿ ಗೊತ್ತಿಲ್ಲ. ಗೊತ್ತಾದ ದಿನ ಸೊಸೆಯ ತವರಿನ ಏಳು ತಲೆಮಾರಿಗೂ ಮಂಗಳಾರತಿ, ಅದರ ಪ್ರಸಾದ ಆಮೇಲೆ ನನಗೆ.

ಈ ಬೇಸಿಗೆಯಲ್ಲಿ ಚಾಮರಾಜನಗರಕ್ಕೆ ವರ್ಗವಾಯಿತು. ಬಾಡಿಗೆ ಮನೆ ನೋಡಲು ಹೋದೆ. ಎಲ್ಲ ಒಂದರ ಮೇಲೊಂದು ಕಟ್ಟಿದ ಮನೆಗಳು. ಒಗೆಯುವ ಕಲ್ಲು ಮಾತ್ರ ತಾರಸಿಯಲ್ಲಿ, ಎಲ್ಲರಿಗೂ ಒಂದೇ, ನಾಲ್ಕು ಬೀದಿಗೂ ಕಾಣುವಂತೆ. ವಾಷಿಂಗ್ ಮೆಷಿನ್ ಕೊಳ್ಳುವುದು, ಅದನ್ನು ಒಳಗೇ ಇಡಲು ಜಾಗವಿರುವ ಮನೆಯನ್ನೇ ಹಿಡಿಯುವುದು ಎಂದು ಅಂದೇ ಘೋರ ಪ್ರತಿಜ್ಞೆ ಮಾಡಿದೆ.

ಹದಿಮೂರು ಮನೆ ನೋಡಿದೆ. ಒಂದರಲ್ಲಿ ನಲ್ಲಿ ಇತ್ತು, ಪ್ಲಗ್ ಇರಲಿಲ್ಲ. ಒಂದರಲ್ಲಿ ಎರಡೂ ಇದ್ದವು, ನೀರು ಹೊರಹೋಗಲು ದಾರಿ ಇರಲಿಲ್ಲ. "ಬಕೆಟ್ಟಲ್ಲಿ ತುಂಬ್ಕೊಂಡು ಚೆಲ್ಬುಡಿ ಸಾರ್" ಎಂದರು ಓನರ್. ಇನ್ನೊಂದರ ಬಚ್ಚಲಿಗೆ ಮೆಷಿನ್ ಹೋದರೆ ನಾನು ಹೋಗುವಂತಿರಲಿಲ್ಲ.

ಹದಿನಾಲ್ಕನೆಯದು ಶಾಂತಮಲ್ಲಪ್ಪನವರ ಮಹಡಿ ಮನೆ. ಅಡುಗೆಮನೆಯ ಪಕ್ಕ ಗೂಡಿನಂಥ ಪುಟ್ಟ ಜಾಗ. ಬಿಳಿ ಟೈಲ್ಸು, ನಲ್ಲಿ, ಪ್ಲಗ್ಗು, ಮೂಲೆಯಲ್ಲಿ ನೀರು ಹೋಗಲು ಜಾಲರಿ. ನನಗೆ ಅಲ್ಲೇ ಅಡ್ಡಬೀಳುವಷ್ಟು ಸಂತೋಷವಾಯಿತು.

"ಮೆಷಿನ್ಗೆ ಅಂತ್ಲೇ ಮಾಡ್ಸಿರದು ಸಾರ್. ಈಗಿನ್ ಎಣ್ಮಕ್ಳು ಕಲ್ಲತ್ರ ಎಲ್ಲಿ ಓದರು?" ಎಂದರು ಶಾಂತಮಲ್ಲಪ್ಪ.

"ಪಾಪ, ಹೆಣ್ಮಕ್ಕಳ ಕಷ್ಟ ನೋಡೋಕಾಗಲ್ಲ ಸ್ವಾಮಿ" ಎಂದೆ. ಅಲ್ಲೇ ಅಡ್ವಾನ್ಸ್ ಎಣಿಸಿಕೊಟ್ಟೆ.

ಸೋಮವಾರ ಹಾಲು ಉಕ್ಕಿಸುವುದೆಂದು ಗೊತ್ತುಮಾಡಿದೆವು. ಅವ್ವ ದೇವರ ಬುಟ್ಟಿ ಹೊತ್ತು ಹರವೆಯಿಂದ ಮೊದಲ ಬಸ್ಸಿಗೇ ಬಂದು, ಓನರ್ ಹತ್ತಿರ ಬೀಗದ ಕೈ ಇಸಿದುಕೊಂಡಿದ್ದಳು. ನಾವು ಸಾಮಾನಿನ ಗಾಡಿಯ ಜೊತೆ ಬಂದಿಳಿಯುವಷ್ಟರಲ್ಲಿ ಮನೆಯೆಲ್ಲ ಊದುಬತ್ತಿಯ ಹೊಗೆ. ಒಳಗೆ ಹೋಗಿ ನೋಡುತ್ತೇನೆ, ನನ್ನ ಮೆಷಿನ್ ಜಾಗದಲ್ಲಿ ಮಾದಪ್ಪನ ಫೋಟೋ, ಕಳಶ, ಬಸವಣ್ಣ! ನಲ್ಲಿಯ ಕೆಳಗೆ ಲಿಂಗ. ಅಭಿಷೇಕದ ನೀರು ಜಾಲರಿಯಲ್ಲಿ ಗಳಗಳನೆ ಇಳಿಯುತ್ತಿತ್ತು. ಪ್ಲಗ್ಗಿಗೆ ಬಣ್ಣದ ದೀಪದ ಸರ.

"ಎಂಥಾ ದೇವ್ರಮನೆ ಇಡ್ದಿದ್ದೀಯ ಮಗ! ಅಭಿಸೇಕದ ನೀರು ಯಾರೂ ತುಳ್ಯಂಗಿಲ್ಲ, ಸೀದಾ ತೆಂಗಿನ ಗಿಡಕ್ಕೇ ಓಯ್ತದೆ. ಕೆಳೀಕೆ ಓಗಿ ನೋಡ್ಕಬಂದೆ ಕಣ" ಎಂದಳು ಅವ್ವ.

"ಅವ್ವ, ಅದು ಬಟ್ಟೆ ಒಗೆಯೋ ಮೆಷಿನ್ನಿನ ಜಾಗ..."

"ಬುಡ್ತು ಅನ್ಲಾ! ಕೂರ್ಸಿದ್ ದೇವರ್ನ ಎಬ್ಬುಸ್ತಾರಾ? ಮ್ಯಾಲೆ ಕಲ್ಲು ಇಲ್ವಾ? ನಿನ್ನೆಂಡ್ರುಗೆ ಕೈ ಇಲ್ವಾ?"

ನಾನು ಶಿವರಂಜನಿಯ ಮುಖ ನೋಡಿದೆ.

"ಅತ್ತೆ ಹೇಳೋದು ಸರಿ ಕಣ್ರೀ. ದೇವರಿಗಿಂತ ಮೆಷಿನ್ ಹೆಚ್ಚಾ?" ಎಂದಳು. ಒಂಬತ್ತು ವರ್ಷದಲ್ಲಿ ಅತ್ತೆ ಸೊಸೆ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ನಿಜ ಹೇಳಿದರೆ ಏಳು ತಲೆಮಾರಿನ ಮಂಗಳಾರತಿ.

ಗಾಡಿಯಲ್ಲಿ ತಂದ ಹೊಸ ಮೆಷಿನ್ನು ನಡುಮನೆಯಲ್ಲಿ ಟೀವಿ ಹೊತ್ತುಕೊಂಡು ನಿಂತಿತು. ಅವ್ವ ಹದಿನೈದು ದಿನ ಇದ್ದೇ ಹೋಗುತ್ತೇನೆ ಎಂದಳು. ಬಟ್ಟೆ ಬೆಟ್ಟವಾಯಿತು. ನಾಲ್ಕನೆಯ ದಿನ ಬೆಳಿಗ್ಗೆ, ಅವಳು ಪೂಜೆಗೆ ಕೂತ ಸಮಯ ನೋಡಿ ಬಕೆಟ್ಟು ಹಿಡಿದು ತಾರಸಿಗೆ ನುಸುಳಿದೆ. ಎರಡು ಸೀರೆ ಕುಕ್ಕಿರಬಹುದು, ಎದುರು ತಾರಸಿಯಲ್ಲಿ ಮೂರು ತಲೆ ಎದ್ದವು. ಅದರಲ್ಲೊಂದು ನಮ್ಮ ಹೊಸ ಹೆಡ್‌ಮಿಸ್ ಸುಧಾಮಣಿಯವರದು. ನಾಚಿಕೆಯಿಂದ ಹಿಂದಕ್ಕೆ ತಿರುಗಿದೆ. ಅಲ್ಲಿ ಅವ್ವ!

"ಇದೇನ್ಲಾ? ನೀನ್ಯಾಕ್ಲಾ ಒಗೀತಾ ಇದ್ದಯ್? ಅವಳೆಲ್ಲಿ ಸತ್ಲು?"

ಇನ್ನೊಂದು ಗಳಿಗೆ ತಡೆದಿದ್ದರೆ ಮನೆ ರಣರಂಗವಾಗುತ್ತಿತ್ತು. "ಹರಕೆ ಕಣವ್ವ! ಒಳ್ಳೆ ಮನೆ ಸಿಕ್ಕಿದ್ರೆ ಮನೆಮಂದಿ ಬಟ್ಟೆಯೆಲ್ಲ ನಾನೇ ಕೈಯಾರೆ ಒಗೀತೀನಿ ಅಂತ ಮಾದಪ್ಪನಿಗೆ ಹರಕೆ ಹೊತ್ತಿದ್ದೆ" ಎಂದುಬಿಟ್ಟೆ.

ಅವ್ವನ ಕಣ್ಣು ತುಂಬಿತು. "ನೋಡ್ರವ್ವಾ, ನನ್ ಮಗನ ಭಕ್ತಿಯ!" ಎಂದು ಎದುರು ತಾರಸಿಗೆ ಕೂಗಿದಳು. ಸುಧಾಮಣಿಯವರು ಅಲ್ಲಿಂದಲೇ ಕೈ ಮುಗಿದರು. ಮಾನ ಉಳಿಯಿತು, ಹೆಂಡತಿಯೂ ಉಳಿದಳು. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

"ಎಷ್ಟು ದಿನದ ಅರಕೆ ಮಗ?"

ಒಂದು ವಾರ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಶಿವರಂಜನಿ ಮೆಟ್ಟಿಲು ಹತ್ತಿ ಬಂದು, ಎರಡು ಕಂಬಳಿಗಳನ್ನು ನನ್ನ ಬಕೆಟ್ಟಿಗೆ ಹಾಕಿ, ಸೆರಗು ಹೊದ್ದು, ಬಲು ವಿನಯದಿಂದ ಹೇಳಿದಳು:

"ಹನ್ನೆರಡು ವರ್ಷ ಅತ್ತೆ. ಮೆಷಿನ್ನೂ ಮುಟ್ಟೋ ಹಾಗಿಲ್ವಂತೆ."