ಹಿಡುವಳಿ ಸಂಖ್ಯೆ ೧೧೭ರಲ್ಲಿ ಅವಿಚ್ಛಿನ್ನ ವಾಸ

ಸಂಗತಿಗಳು ಇವು.

ಒಂದು: ವಸಾಹತಿನ ಭೂಹಂಚಿಕೆ ಕಾಯಿದೆಯ ಪ್ರಕಾರ, ತಮಗೆ ಮಂಜೂರಾದ ಹಿಡುವಳಿಯ ನೆಲದ ಮೇಲೆ ಮೂರು ವರ್ಷ, ಒಂದು ದಿನವೂ ತಪ್ಪದಂತೆ, ಅವಿಚ್ಛಿನ್ನವಾಗಿ ವಾಸಿಸಿದವರಿಗೆ ಆ ನೆಲದ ಹಕ್ಕುಪತ್ರ ಸಲ್ಲತಕ್ಕದ್ದು.

ಎರಡು: ಹಾಗೆ ವಾಸಿಸಿದ್ದೇನೆ, ಈ ಗಳಿಗೆಯಲ್ಲೂ ವಾಸಿಸುತ್ತಿದ್ದೇನೆ ಎಂಬ ಪ್ರಮಾಣವನ್ನು, ಮೂರು ವರ್ಷ ತುಂಬಿದ ಮೂವತ್ತು ದಿನಗಳೊಳಗೆ, ಬ್ಯಾರೋಡೇಲ್ ಪಟ್ಟಣದ ಜಮೀನು ಕಚೇರಿಯಲ್ಲಿ ಖುದ್ದಾಗಿ ಹಾಜರಾಗಿ ಮಾಡತಕ್ಕದ್ದು. ತಪ್ಪಿದಲ್ಲಿ ನೆಲ ಹರಾಜಿಗೆ ಹೋಗತಕ್ಕದ್ದು.

ಮೂರು: ಕಚೇರಿಯ ಮುದ್ರೆಯನ್ನು ಮೇಜಿಗೆ ಸರಪಳಿಯಿಂದ ಬಿಗಿಯಲಾಗಿದೆ. ಆದ್ದರಿಂದ ಕಚೇರಿ ಯಾರ ಬಳಿಗೂ ಹೋಗುವುದಿಲ್ಲ.

ನಾಲ್ಕು: ಹಿಡುವಳಿ ಸಂಖ್ಯೆ ೧೧೭ ಬ್ಯಾರೋಡೇಲ್‌ನಿಂದ ನಲವತ್ತೆರಡು ಮೈಲಿ ದೂರದಲ್ಲಿದೆ.

ಐದು: ಹನ್ನೊಂದು ವರ್ಷಗಳಲ್ಲಿ ಆ ಕಚೇರಿಯಿಂದ ಹದಿನಾಲ್ಕು ಹಕ್ಕುಪತ್ರಗಳು ಹೊರಬಿದ್ದಿವೆ. ಹದಿನಾಲ್ಕೂ ಈಗ ಜಿಲ್ಲೆಯ ದೊಡ್ಡ ಜಮೀನುದಾರರಾದ ವಿಂಚ್‌ಕ್ಲಿಫ್ ದೊರೆಗಳ ಕಬ್ಬಿಣದ ಬೀರುವಿನಲ್ಲಿ ವಿಶ್ರಮಿಸುತ್ತಿವೆ. ಇದರಲ್ಲಿ ಅಕ್ರಮವೇನೂ ಕಂಡುಬಂದಿಲ್ಲ.

ಥಾಮಸೀನ್ ಪೆಂಗೆಲಿಗೆ ಮೊದಲ ನಾಲ್ಕು ಸಂಗತಿಗಳು ಬಿಡಿಬಿಡಿಯಾಗಿ ಗೊತ್ತಿದ್ದವು. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲು ಆಕೆಗೆ ಪುರುಸೊತ್ತಿರಲಿಲ್ಲ. ಗಂಡ ತಾಮ್ರದ ಗಣಿಯಲ್ಲಿ ಸತ್ತ ಮೇಲೆ, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಂದು, ಮುನ್ನೂರಿಪ್ಪತ್ತು ಎಕರೆಯ ಆ ನೆಲದಲ್ಲಿ ನೀಲಗಿರಿ ಬೊಡ್ಡೆಗಳನ್ನು ಕಿತ್ತು, ತೊಗಟೆಯ ಮಾಡಿನ ಗುಡಿಸಲು ಕಟ್ಟಿ, ಗೋಧಿಯನ್ನೂ ಆಲೂಗಡ್ಡೆಯನ್ನೂ ಬೆಳೆದಿದ್ದಳು. ಮೂರು ವರ್ಷದಲ್ಲಿ ಬೇಲಿ ದಾಟಿರಲಿಲ್ಲ. ಕಿರಿಯ ಮಗಳಿಗೆ ಗಂಟಲುಬೇನೆ ಬಂದಾಗಲೂ ಔಷಧಿ ತರಲು ಪಕ್ಕದ ಹಿಡುವಳಿಯ ಐರಿಶ್‌ನವ ಫಿಂಟನ್ ಮಲ್ಕಾಹಿಯನ್ನು ಕಳಿಸಿದ್ದಳೇ ಹೊರತು ತಾನು ಹೋಗಿರಲಿಲ್ಲ. ಅಷ್ಟು ಶ್ರದ್ಧೆಯಿಂದ ಕಾಯಿದೆಯನ್ನು ಪಾಲಿಸಿದವರು ಆ ಜಿಲ್ಲೆಯಲ್ಲಿ ಬೇರೆ ಇರಲಿಲ್ಲ. ಹಕ್ಕುಪತ್ರ ಬಂದರೆ ನೆಲ ಮಕ್ಕಳಿಗೆ ಉಳಿಯುತ್ತಿತ್ತು. ಬಾರದಿದ್ದರೆ ಮೂವರೂ ರಸ್ತೆಗೆ.

ಮೂರು ವರ್ಷ ತುಂಬಿದ ಆರನೆಯ ದಿನ, ಮಕ್ಕಳನ್ನು ಮಲ್ಕಾಹಿಯ ಹೆಂಡತಿಗೆ ಒಪ್ಪಿಸಿ, ಅವನ ಗಾಡಿಯಲ್ಲಿ ಎರಡು ದಿನ ಪ್ರಯಾಣ ಮಾಡಿ ಬ್ಯಾರೋಡೇಲ್ ತಲುಪಿದಳು. ಕೌಂಟರಿನ ಹಿಂದೆ ವಿಟ್ಲೋ ಎಂಬ ಗುಮಾಸ್ತನಿದ್ದ. ಬಹಳ ಸೌಜನ್ಯದ ಯುವಕ.

"ಹೆಸರೇನಮ್ಮ?"

"ಥಾಮಸೀನ್ ಪೆಂಗೆಲಿ. ನೂರಾ ಹದಿನೇಳು ನನ್ನದು."

"ಎಲ್ಲಿ ವಾಸ?"

"ಅಲ್ಲೇ. ಮೂರು ವರ್ಷದಿಂದ ಅಲ್ಲೇ."

"ಈ ಗಳಿಗೆ?"

"ಈ ಗಳಿಗೆ ನಿಮ್ಮೆದುರಿಗೆ ನಿಂತಿಲ್ವೇನ್ರಿ?"

ವಿಟ್ಲೋ ಲೇಖನಿಯನ್ನು ಮೆಲ್ಲಗೆ ಕೆಳಗಿಟ್ಟ. "ಅದೇ ತೊಂದರೆ ನೋಡಿ. ನೀವು ಇಲ್ಲಿದ್ದೀರಿ ಅಂದ್ರೆ ಅಲ್ಲಿಲ್ಲ. ವಾಸಕ್ಕೆ ಭಂಗ ಬಂತು."

"ನಾನು ಬರದೇ ಇದ್ದಿದ್ರೆ?"

"ಪ್ರಮಾಣ ಮಾಡಲಿಲ್ಲ ಅಂತ ಹರಾಜು."

"ಬಂದ್ರೆ?"

"ವಾಸ ಇಲ್ಲ ಅಂತ ಹರಾಜು."

"ಇಷ್ಟು ವರ್ಷದಿಂದ ಇದನ್ನ ಯಾರೂ ನಿಮಗೆ ಹೇಳ್ಲಿಲ್ವಾ ಸ್ವಾಮಿ?"

"ಎಲ್ಲರೂ ಹೇಳ್ತಾರಮ್ಮ. ಬರವಣಿಗೆಯಲ್ಲಿ ಯಾರೂ ಕೊಟ್ಟಿಲ್ಲ."

ಆದರೂ ಅವನು ಹೃದಯವಿಲ್ಲದವನಲ್ಲ. ಆಕೆ ಬಂದದ್ದನ್ನು ತಾನು ದಾಖಲಿಸುವುದಿಲ್ಲ, ದಾಖಲಾಗದಿದ್ದರೆ ಬಂದಂತಲ್ಲ, ಆದ್ದರಿಂದ ಆಕೆ ಈ ಗಳಿಗೆ ತನ್ನ ಹಿಡುವಳಿಯಲ್ಲೇ ಇದ್ದಾಳೆ ಎಂದು ಧೈರ್ಯ ಹೇಳಿದ. ಹಾಗಾದರೆ ಅದನ್ನೇ ಬರೆದುಕೊಂಡು ಮುದ್ರೆ ಒತ್ತಿ ಎಂದಳು ಥಾಮಸೀನ್. ಖುದ್ದಾಗಿ ಹಾಜರಿಲ್ಲದವರ ಪ್ರಮಾಣಕ್ಕೆ ಮುದ್ರೆ ಒತ್ತಲು ಬರುವುದಿಲ್ಲ ಎಂದು ಅವನು ವಿಷಾದಿಸಿದ.

ಆಗ ಹೊರಗೆ ಗಾಡಿಯ ಸದ್ದಾಯಿತು. ಎಂಟು ಎತ್ತುಗಳು ಒಂದು ಮನೆಯನ್ನು ಎಳೆದುಕೊಂಡು ಕಚೇರಿಯ ಅಂಗಳಕ್ಕೆ ಬಂದವು. ಮನೆಗೆ ನಾಲ್ಕು ಚಕ್ರ, ಒಂದು ಬಾಗಿಲು, ಒಂದು ಹೊಗೆಗೂಡು. ವಿಂಚ್‌ಕ್ಲಿಫ್ ದೊರೆಗಳ ಸಂಬಳದ ನಿವಾಸಿ ಸೈಲಸ್ ಟಕ್‌ವೆಲ್ ಒಳಗೆ ಕುಳಿತು ಚಹಾ ಕುಡಿಯುತ್ತಿದ್ದ. ಈ ಮನೆ ಹದಿನಾಲ್ಕು ಹಿಡುವಳಿಗಳಲ್ಲಿ ವಾಸವಾಗಿತ್ತು. ಪರಿವೀಕ್ಷಕರು ಹಿಂದೊಮ್ಮೆ ಒಂದೇ ದಿನದಲ್ಲಿ ಹದಿನಾಲ್ಕನ್ನೂ ನೋಡಿ, ಪ್ರತಿಯೊಂದರಲ್ಲೂ ಅದೇ ಟೇಬಲ್ಲಿನ ಮೇಲೆ ಅದೇ ಕುರಿಮಾಂಸ ತಿಂದು, ಈ ಜಿಲ್ಲೆಯ ರೈತರಲ್ಲಿ ಅಭಿರುಚಿಯ ಏಕತೆ ಮೆಚ್ಚತಕ್ಕದ್ದು ಎಂದು ವರದಿ ಬರೆದಿದ್ದರು. ಈಗ ಹದಿನೈದನೆಯದರ ಪ್ರಮಾಣದ ಸರದಿ.

ವಿಟ್ಲೋ ಕಾಗದ ಹಿಡಿದು ಹೊರಗೆ ಓಡಿದ. ಮುದ್ರೆಯ ಸರಪಳಿ ಕಿಟಕಿಯವರೆಗೆ ಎಟುಕುತ್ತಿತ್ತು.

"ಏನಪ್ಪ ಟಕ್‌ವೆಲ್, ಇವತ್ತು ಯಾವ ಹೆಸರು?" ಎಂದು ಮಲ್ಕಾಹಿ ಗಾಡಿಯ ಮೇಲಿಂದಲೇ ಕೂಗಿದ.

"ಜೋಸೈಯ ಪ್ಲಮ್‌ರಿಜ್. ಹೆಂಡ್ತಿ ತೀರ್ಕೊಂಡಿದಾಳೆ ಮಾರಾಯ, ಸ್ವಲ್ಪ ಮರ್ಯಾದೆಯಿಂದ ಮಾತಾಡು."

"ಹೋದ ವಾರ ಬ್ರಹ್ಮಚಾರಿ ಆಗಿದ್ದೆ!"

"ಅದು ಹದಿನಾಲ್ಕನೆಯದರಲ್ಲಿ."

ಥಾಮಸೀನ್ ವಿಟ್ಲೋನನ್ನು ತಡೆದು ನಿಲ್ಲಿಸಿದಳು. "ಆ ಮನುಷ್ಯ ಹೇಗೆ ಇಲ್ಲಿದ್ದೂ ಅಲ್ಲಿದಾನೆ?"

"ಅವರು ಮನೆ ಬಿಟ್ಟು ಇಳಿದಿಲ್ಲವಲ್ಲಮ್ಮ."

"ನನ್ನ ಗುಡಿಸಲಿಗೆ ಚಕ್ರ ಇಲ್ಲ."

"ಚಕ್ರ ಇಲ್ಲದಿದ್ರೆ ನೆಲ. ಮನೆ, ನೆಲ, ಎರಡರಲ್ಲಿ ಒಂದನ್ನಾದ್ರೂ ಬಿಟ್ಟಿರಬಾರದು. ನಿಯಮ ಒಂಬತ್ತು: ಹಿಡುವಳಿದಾರರ ಪಾದ ಹಿಡುವಳಿಯ ನೆಲದ ಮೇಲಿರತಕ್ಕದ್ದು."

"ಪಾದ ಅಂತಲೇ ಇದೆಯೇ?"

"ಪಾದ ಅಂತಲೇ ಇದೆ."

ಆಕೆ ಆ ನಿಯಮವನ್ನು ಎರಡು ಸಲ ಓದಿಸಿ ಕೇಳಿ, ತನ್ನ ಹಿಡುವಳಿಗೆ ಮರಳಿದಳು.

ಮತ್ತೆ ಕಚೇರಿಗೆ ಬಂದದ್ದು ಹನ್ನೆರಡನೆಯ ದಿನ. ಚಹಾ ಬರುವ ಮರದ ಪೆಟ್ಟಿಗೆಯೊಂದನ್ನು ಮೊಣಕಾಲ ಮಟ್ಟಕ್ಕೆ ಕೊಯ್ದು, ಅದಕ್ಕೆ ಆಲೂಗಡ್ಡೆ ಪಾತಿಯ ಮಣ್ಣು ತುಂಬಿ, ಮಕ್ಕಳನ್ನು ಈ ಸಲ ಗುಡಿಸಲಿನಲ್ಲೇ ಬಿಟ್ಟು, ಅದರಲ್ಲಿ ನಿಂತು ಬಂದಳು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ. ನಲವತ್ತೆರಡು ಮೈಲಿಯೂ ಇಳಿಯಲಿಲ್ಲ. ನಿಲ್ಲಲಾರದಾದಾಗ ಪೆಟ್ಟಿಗೆಯೊಳಗೇ ಕುಕ್ಕುರುಗಾಲಲ್ಲಿ ಕುಳಿತಳು. ಬೂದಿಯಲ್ಲಿ ಸುಟ್ಟ ರೊಟ್ಟಿಯನ್ನು ಮಲ್ಕಾಹಿ ಕೈಗೆ ಕೊಡುತ್ತಿದ್ದ.

"ಅಕ್ಕಾ, ಕ್ರಿಸ್ತನ ಆಣೆ, ಹಾದಿಯಲ್ಲಿ ಯಾರೂ ಇಲ್ಲ. ಸ್ವಲ್ಪ ಇಳಿದು ಕಾಲು ಚಾಚು."

"ನಾನು ಮನೇಲಿದೀನಿ ಫಿಂಟನ್. ನೀನು ಎತ್ತು ನೋಡ್ಕೊ."

ಕಚೇರಿಯ ಮುಂದೆ ನಾಲ್ವರು ಸೇರಿ ಪೆಟ್ಟಿಗೆಯನ್ನು ಎತ್ತಿ ಕೌಂಟರಿನೆದುರು ಇಟ್ಟರು. ವಿಟ್ಲೋ ಬಗ್ಗಿ ನೋಡಿದ. ಬರಿಯ ಪಾದಗಳು ಮಣ್ಣಿನಲ್ಲಿ ಬೆರಳವರೆಗೆ ಹೂತಿದ್ದವು. ಅವನು ಒಳಗೆ ಹೋಗಿ ಜಮೀನು ಅಧಿಕಾರಿ ಆರ್ಮರಾಡ್ ಅವರನ್ನು ಕರೆತಂದ. ಆರ್ಮರಾಡ್ ಅವರು ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿ, ಒಂದು ಸಲವೂ ನಕ್ಕವರಲ್ಲ. ಅವರು ಕಾಯಿದೆಯನ್ನು ಆದಿಯಿಂದ ಅಂತ್ಯದವರೆಗೆ ಓದಿದರು. ನೆಲವು ಇದ್ದಲ್ಲೇ ಇರತಕ್ಕದ್ದು ಎಂಬ ನಿಯಮ ಎಲ್ಲೂ ಸಿಗಲಿಲ್ಲ. ಕಾಯಿದೆ ಬರೆದವರಿಗೆ ಅದನ್ನು ಹೇಳುವ ಅಗತ್ಯ ಕಂಡಿರಲಿಲ್ಲ.

ಮೋಜಣಿದಾರನನ್ನು ಕರೆಸಲಾಯಿತು. ಅವನು ಪೆಟ್ಟಿಗೆಯನ್ನು ಅಳೆದು, ನಕ್ಷೆಯಲ್ಲಿ ಹೀಗೆ ತಿದ್ದಿದ: "ಹಿಡುವಳಿ ೧೧೭. ಮುನ್ನೂರಿಪ್ಪತ್ತು ಎಕರೆ. ಅದರಲ್ಲಿ ಮೂರು ಚದರಡಿ ಸದ್ಯ ಕಚೇರಿಯ ಕೌಂಟರಿನ ಬಳಿ."

"ಮಣ್ಣು ಅಲ್ಲಿಯದೇ ಅನ್ನೋದಕ್ಕೆ ಆಧಾರ?" ಎಂದರು ಆರ್ಮರಾಡ್.

ಥಾಮಸೀನ್ ಬಗ್ಗಿ, ಮಣ್ಣಿನಿಂದ ಹೆಬ್ಬೆರಳು ಗಾತ್ರದ ಆಲೂಗಡ್ಡೆಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಳು. ಅದಕ್ಕೆ ಕ್ರಮಸಂಖ್ಯೆ ಕೊಟ್ಟು ಕಡತಕ್ಕೆ ಸೇರಿಸಲಾಯಿತು.

ಪ್ರಮಾಣದ ನಮೂನೆಯಲ್ಲಿ ಇನ್ನೂ ಒಂದು ಪ್ರಶ್ನೆಯಿತ್ತು.

"ನಿಮಗಿಂತ ಮೊದಲು ಆ ನೆಲದಲ್ಲಿ ವಾಸ ಯಾರದ್ದಮ್ಮ?" ವಿಟ್ಲೋ ಕೇಳಿದ.

"ಹಳ್ಳದ ದಂಡೇಲಿ ಒಬ್ಬ ಅಜ್ಜಿ ಇದಾಳೆ, ಅವಳ ಮಗಳ ಸಂಸಾರ ಇದೆ. ಮೊದಲ ಬೇಸಗೇಲಿ ನೀರು ಎಲ್ಲಿದೆ ಅಂತ ತೋರಿಸಿದ್ದೇ ಅವಳು. ಅವಳ ಅಜ್ಜಿಯ ಅಜ್ಜಿಯೂ ಅಲ್ಲೇ ಅಂತೆ."

"ಪ್ರಮಾಣ ಮಾಡಿದ್ದಾರೆಯೇ?"

"ಅವರು ಆ ಜಾಗ ಬಿಟ್ಟು ಎಲ್ಲೂ ಹೋದವರೇ ಅಲ್ಲ."

"ಹಾಗಿದ್ರೆ ಇಲ್ಲಿಗೂ ಬಂದಿಲ್ಲ," ಎಂದು ವಿಟ್ಲೋ "ಯಾರೂ ಇಲ್ಲ" ಎಂದು ಬರೆದ.

ಥಾಮಸೀನ್ ಬಾಯಿ ತೆರೆದಳು. ವಿಟ್ಲೋ ಮುದ್ರೆಯನ್ನು ಅವಳ ಕಾಗದದ ಮೇಲೆ ಎತ್ತಿ ಹಿಡಿದಿದ್ದ. ಬಾಯಿ ಮುಚ್ಚಿದಳು.

ನಂತರ ಆಕೆ ಬಲಗೈ ಎತ್ತಿ ಪ್ರಮಾಣ ಮಾಡಿದಳು: ನಾನು ಈ ಗಳಿಗೆಯಲ್ಲಿ, ನಾನು ನಿಂತಿರುವ ಈ ನೆಲದಲ್ಲಿ, ಇದರಲ್ಲಿ ಮಾತ್ರವೇ ಹೊರತು ಬೇರೆಲ್ಲೂ ಅಲ್ಲ, ವಾಸವಾಗಿದ್ದೇನೆ. ಮಾತುಗಳನ್ನು ಆರ್ಮರಾಡ್ ಅವರೇ ಹೇಳಿಕೊಟ್ಟರು. ಹಕ್ಕುಪತ್ರ ಕೈಗೆ ಬರುವವರೆಗೆ ವಾಸಕ್ಕೆ ಭಂಗ ಬರಬಾರದಾದ್ದರಿಂದ ಆಕೆ ಪೆಟ್ಟಿಗೆಯಲ್ಲೇ ಉಳಿದಳು.

ಸುದ್ದಿ ಹಬ್ಬಿತು. ಮುಂದಿನ ವಾರ ಬ್ಯಾರೋಡೇಲ್‌ನ ಬೀದಿಯಲ್ಲಿ ಒಂಬತ್ತು ಗಾಡಿಗಳು, ಒಂಬತ್ತರಲ್ಲೂ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಜನ. ಅದರ ಮುಂದಿನ ವಾರ ಮೂವತ್ತೊಂದು. ಕಚೇರಿ ಕೂಡಲೇ ಪೆಟ್ಟಿಗೆ ನಿಯಮಾವಳಿಯನ್ನು ಹೊರಡಿಸಿತು. ಪೆಟ್ಟಿಗೆ ಅಂಗೀಕೃತ ಮಾದರಿಯದಾಗಿರಬೇಕು. ಮಣ್ಣಿನಲ್ಲಿ ಎರೆಹುಳ ಇದ್ದಲ್ಲಿ ಅದನ್ನು ಪ್ರತ್ಯೇಕವಾಗಿ ಘೋಷಿಸಬೇಕು. ಒಂದೇ ಪೆಟ್ಟಿಗೆಯಲ್ಲಿ ದಂಪತಿಗಳು ನಿಲ್ಲುವುದಾದರೆ ಮದುವೆಯ ಪತ್ರ ಲಗತ್ತಿಸಬೇಕು. ಅಂಗೀಕೃತ ಪೆಟ್ಟಿಗೆಗಳನ್ನು ಒದಗಿಸುವ ಗುತ್ತಿಗೆ, ಬೇರೆ ಯಾರೂ ಟೆಂಡರ್ ಹಾಕದ ಕಾರಣ, ವಿಂಚ್‌ಕ್ಲಿಫ್ ದೊರೆಗಳಿಗೆ ಹೋಯಿತು. ಬೇರೆಯವರು ಪೆಟ್ಟಿಗೆಯಿಂದ ಇಳಿದು ಟೆಂಡರ್ ಹಾಕುವಂತಿರಲಿಲ್ಲ.

ಏಳನೆಯ ವಾರ ರಾಜಧಾನಿಯಿಂದ ಥಾಮಸೀನ್‌ಳ ಹಕ್ಕುಪತ್ರ ಬಂತು. ಹನ್ನೊಂದು ವರ್ಷಗಳಲ್ಲಿ ಬಡ ಹಿಡುವಳಿದಾರರೊಬ್ಬರಿಗೆ ಬಂದ ಮೊದಲ ಹಕ್ಕುಪತ್ರವಾದ್ದರಿಂದ ಆರ್ಮರಾಡ್ ಅವರು ಎದ್ದು ನಿಂತು ಕೊಟ್ಟರು. ಆಕೆ ಪೆಟ್ಟಿಗೆಯಲ್ಲಿ ನಿಂತು ಸ್ವೀಕರಿಸಿದಳು. ಬೀದಿಯಲ್ಲಿದ್ದವರು ತಂತಮ್ಮ ಪೆಟ್ಟಿಗೆಗಳಿಂದ ಚಪ್ಪಾಳೆ ತಟ್ಟಿದರು.

ಆಕೆಗೆ ಓದಲು ಬರುತ್ತಿತ್ತು, ನಿಧಾನವಾಗಿ, ಬೆರಳಿಟ್ಟು. ಬೆರಳು ಒಂದು ಕಡೆ ನಿಂತಿತು.

"ಸ್ವಾಮಿ, ಇಲ್ಲಿ ಮೂರು ಚದರಡಿ ಅಂತ ಇದೆ."

"ಹೌದು," ಎಂದರು ಆರ್ಮರಾಡ್. "ಎರಡು ಇಂಟು ಒಂದೂವರೆ."

"ಉಳಿದ ನೆಲ?"

"ನೀವು ಅಲ್ಲಿ ವಾಸ ಇಲ್ಲ ಅಂತ ಪ್ರಮಾಣ ಮಾಡಿದ್ದೀರಲ್ಲ ತಾಯಿ. ಇದರಲ್ಲಿ ಮಾತ್ರವೇ ಹೊರತು ಬೇರೆಲ್ಲೂ ಅಲ್ಲ. ಬಲಗೈ ಎತ್ತಿ."

"ನನ್ನ ಮಕ್ಕಳು ಅಲ್ಲಿದ್ರು!"

"ಅಪ್ರಾಪ್ತರ ವಾಸ ಲೆಕ್ಕಕ್ಕಿಲ್ಲ. ಖಾಲಿ ನೆಲ. ಮೊನ್ನೆ ಹರಾಜಾಯಿತು. ಸವಾಲು ಕೂಗಿದ್ದು ದೊರೆಗಳೊಬ್ಬರೇ."

ಥಾಮಸೀನ್ ಹಕ್ಕುಪತ್ರ ಮಡಚಿ, ಪೆಟ್ಟಿಗೆಯ ಅಂಚನ್ನು ಮುಟ್ಟಿದಳು. ಆಮೇಲೆ, "ಇದನ್ನ ಎಲ್ಲಿಡ್ಲಿ?" ಎಂದಳು.

"ಎಲ್ಲಿ ಬೇಕಾದ್ರೂ ಇಡಿ, ನಿಮ್ಮದು. ಆದರೆ ಅದರ ಕೆಳಗಿನ ನೆಲ ಯಾರದೋ, ಅವರ ಅನುಮತಿ ಬೇಕು."

ಆಕೆ ಆಗ ಪೆಟ್ಟಿಗೆಯಿಂದ ಇಳಿದಳು. ಏಳು ವಾರಗಳಲ್ಲಿ, ಕಚೇರಿಯವರು ನೋಡುತ್ತಿರುವಾಗ, ಇದೇ ಮೊದಲು. ವಿಟ್ಲೋ ಮುಖ ಆ ಕಡೆ ತಿರುಗಿಸಿದ, ನೋಡದಿದ್ದರೆ ದಾಖಲಿಸಬೇಕಾಗಿರಲಿಲ್ಲ.

ಮಲ್ಕಾಹಿ ಪಾಠ ಕಲಿತ. ಗಾಡಿಯಷ್ಟೇ ದೊಡ್ಡ ಪೆಟ್ಟಿಗೆ ಮಾಡಿಸಿ, ಹದಿನಾರು ಎತ್ತು ಕಟ್ಟಿಕೊಂಡು ಬಂದ. ಎರಡಡಿಗೆ ಒಂದೂವರೆ ಅಡಿ ಮೀರಬಾರದು ಎಂಬ ತಿದ್ದುಪಡಿ ಅಂದು ಬೆಳಿಗ್ಗೆಯೇ ಬಾಗಿಲಿಗೆ ಅಂಟಿತ್ತು. ಅವನು ಅದನ್ನು ಓದಿ, ಯಾರನ್ನೂ ಬೈಯದೆ, ಗರಗಸ ಕೇಳಿದ.

"ಕೊಯ್ದು ಚಿಕ್ಕದು ಮಾಡ್ತಿದೀಯಲ್ಲೋ," ಎಂದಳು ಥಾಮಸೀನ್.

"ಇನ್ನೇನು ಮಾಡ್ಲಿ ಅಕ್ಕಾ? ನಿಂಗೆ ಮೂರು ಚದರಡಿ ಸಿಕ್ತು. ನಂಗೆ ಅದೂ ಬೇಡ್ವಾ?"

ಹರಾಜಿನಲ್ಲಿ ಕೊಂಡವರಿಗೂ ವಾಸದ ನಿಯಮ ಅನ್ವಯಿಸುತ್ತದೆ. ಟಕ್‌ವೆಲ್‌ಗೆ ಹದಿನಾರನೆಯ ಹೆಸರು ನೆನಪಿಟ್ಟುಕೊಳ್ಳುವುದು ಕಷ್ಟವಾದ್ದರಿಂದ, ೧೧೭ಕ್ಕೆ ಸಂಬಳದ ನಿವಾಸಿಯೊಬ್ಬರು ಬೇಕಾದರು. ಅನುಭವ ಇದ್ದವರಿಗೆ ಆದ್ಯತೆ ಎಂದು ದೊರೆಗಳು ತಿಳಿಸಿದರು. ಅರ್ಜಿ ಹಾಕಿದವರು ಒಬ್ಬರೇ. ಈಗ ಆ ಗುಡಿಸಲಿನಲ್ಲಿ ಅಬಿಗೇಲ್ ಡನ್‌ಸ್ಟನ್ ಎಂಬ ಮಹಿಳೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ವಾಸವಾಗಿದ್ದಾಳೆ. ಅದೇ ಬೊಡ್ಡೆಗಳನ್ನು ಕೀಳುತ್ತಾಳೆ, ಅದೇ ಪಾತಿಗೆ ನೀರು ಹಾಕುತ್ತಾಳೆ. ಪರಿವೀಕ್ಷಕರು ಬಂದಾಗ ಕಿರಿಯ ಮಗಳು ಒಮ್ಮೆ ತನ್ನ ಹಳೆಯ ಹೆಸರು ಹೇಳಿಬಿಟ್ಟಳು. ಅಬಿಗೇಲ್ ಅವಳ ಕೆನ್ನೆಗೆ ಹೊಡೆದು, ಆಮೇಲೆ ಗುಡಿಸಲ ಹಿಂದೆ ಹೋಗಿ ಬಹಳ ಹೊತ್ತು ಸೌದೆ ಸೀಳಿದಳು. ವಾಸ ಅವಿಚ್ಛಿನ್ನವಾಗಿದೆ ಎಂದು ವರದಿಯಾಗಿದೆ. ಮೂರು ವರ್ಷದ ನಂತರ ಆ ಹಕ್ಕುಪತ್ರ ಖಂಡಿತ ಬರುತ್ತದೆ. ದೊರೆಗಳು ಗುಡಿಸಲಿಗೆ ಚಕ್ರ ಹಾಕಿಸುತ್ತಿದ್ದಾರೆ.

ಕಚೇರಿಯ ವಾರ್ಷಿಕ ವರದಿಯಲ್ಲಿ ಈ ವರ್ಷ ಬಡ ಹಿಡುವಳಿದಾರರಿಗೆ ಸಿಕ್ಕ ಹಕ್ಕುಪತ್ರಗಳ ಸಂಖ್ಯೆ ಸೊನ್ನೆಯಿಂದ ನಲವತ್ತಕ್ಕೇರಿದೆ. ಬೀದಿಯಲ್ಲಿ ಸಾಲು ಪ್ರತಿದಿನ ಉದ್ದವಾಗುತ್ತಿದೆ, ತಕರಾರು ಒಂದೂ ಬಂದಿಲ್ಲ. ಸಾಲಿನಲ್ಲಿ ನಿಂತವರ ತಿಳಿವಳಿಕೆಗಾಗಿ ಈ ವೃತ್ತಾಂತವನ್ನು ಬರೆಯಲಾಗಿದೆ. ಪ್ರತಿ ಇರುವುದು ಒಂದೇ. ಆದ್ದರಿಂದ ಓದಿ ಮುಗಿಸಿದವರು ದಯವಿಟ್ಟು, ಪೆಟ್ಟಿಗೆಯಿಂದ ಇಳಿಯದೆ, ಕೈ ಚಾಚಿ, ಪಕ್ಕದ ಪೆಟ್ಟಿಗೆಯವರಿಗೆ ದಾಟಿಸಬೇಕಾಗಿ ಕೋರಿದೆ.