ಎರಡನೇ ಗೇರಿನ ಸುದ್ದಿ ತಲುಪದ ಟಾರ್ಕ್ ಕನ್ವರ್ಟರ್ ಅವರಿಗೆ

ಮಾನ್ಯ ಟಾರ್ಕ್ ಕನ್ವರ್ಟರ್ ಅವರೇ,

ಹೊನ್ನಾವರದ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ, ನಮ್ಮ ಓಟದ ಕಾರಿನ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಒಂದರ ಬಲವನ್ನು ಇನ್ನೊಂದಕ್ಕೆ ದಾಟಿಸಲೆಂದು ಒಡಲ ತುಂಬ ಎಣ್ಣೆ ತುಂಬಿಕೊಂಡು ಸುಖವಾಗಿರುವ ತಮಗೆ, ಆ ಕಾರನ್ನು ಓಡಿಸುವ ಕರ್ಕಿಯ ಕಲ್ಪನಾ ಮಾಡುವ ಅನಂತ ನಮಸ್ಕಾರಗಳು. ಸ್ಪರ್ಧೆ ಮುಗಿದು ವಾರವಾದರೂ ತಾವಿನ್ನೂ ತಣ್ಣಗಾಗಿಲ್ಲವೆಂದು ಕೇಳಿದೆ. ನಾನೂ ಆಗಿಲ್ಲ.

ತಮ್ಮ ಸ್ಥಾನದಲ್ಲಿ ಮೊದಲು, ಕಾರಿನ ಜೊತೆಗೇ ಬಂದ ಒಬ್ಬ ಸಾಧು ಕನ್ವರ್ಟರ್ ಇದ್ದರು. ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ತುಳಿದರೆ ಎಂಜಿನ್ನಿನ ಸುತ್ತು ಎಷ್ಟಕ್ಕೆ ಏರಿ ನಿಲ್ಲುತ್ತದೋ ಅದಕ್ಕೆ ಸ್ಟಾಲ್ ಸ್ಪೀಡ್ ಎನ್ನುತ್ತಾರಷ್ಟೆ; ಅವರದು ನಿಮಿಷಕ್ಕೆ ಎರಡು ಸಾವಿರ ಚಿಲ್ಲರೆ. ನನ್ನ ಕೈಹಿಡಿದ ಯಜಮಾನರಾದ ಹರೀಶ ಮೆಕ್ಯಾನಿಕರು ಇದನ್ನು ಮೀನುಪೇಟೆಯ ಹರಾಜೆಂದೇ ತಿಳಿದು, "ದೊಡ್ಡ ನಂಬರ್ ಹಾಕಿರೆ ಕಾರು ಹಾರ್ತು ಮಾರಾಯ್ತಿ, ನೀ ಎಂತಕ್ಕೆ ಹೆದರ್ತೆ?" ಎಂದು ನನ್ನ ಬಾಯಿ ಮುಚ್ಚಿಸಿ, ಹಳಬರನ್ನು ಗುಜರಿಗೆ ಹಾಕಿ, ಐದು ಸಾವಿರದ ತಮ್ಮನ್ನು ಮುಂಬಯಿಯಿಂದ ತರಿಸಿ ಕೂರಿಸಿದರು. ನಮ್ಮ ಬಡ ಎಂಜಿನ್ನಿಗೆ ಐದು ಸಾವಿರ ಮುಟ್ಟುವಷ್ಟರಲ್ಲಿ ಉಸಿರೇ ಮುಗಿದಿರುತ್ತದೆಂಬ ಸಣ್ಣ ವಿಷಯ ಅವರಿಗೆ ಹೊಳೆಯಲಿಲ್ಲ.

ಆ ಗ್ಯಾರೇಜಿನಲ್ಲಿ ಅರ್ಧಕ್ಕರ್ಧ ಬೋಲ್ಟ್ ಬಿಗಿದವಳು ನಾನು; ಬೋರ್ಡಿನ ಮೇಲೆ ಮಾತ್ರ 'ಹರೀಶ ಆಟೋ ವರ್ಕ್ಸ್'. ಕುಮಟೆಯ ಓಟ ಗೆದ್ದರೆ ಬೋರ್ಡಿಗೆ ನನ್ನ ಹೆಸರು ಬರೆಸುವುದಾಗಿ ಹರೀಶರು ನಾಲ್ಕು ಜನರೆದುರು "ಆತು" ಎಂದಿದ್ದರು. ಆ ಹೆಸರು ನನಗೆ ಬೇಕಿತ್ತು, ಬಹಳ ಬೇಕಿತ್ತು.

ಚತುಷ್ಪಥ ಹೆದ್ದಾರಿ ಬಂದ ಮೇಲೆ ಅನಾಥವಾಗಿ ಬಿದ್ದಿರುವ ಹಳೇ ರಸ್ತೆಯ ತುಂಡಿನಲ್ಲಿ ಬಾವುಟ ಬಿದ್ದಾಗ ತಾವು ಮೊದಲನೇ ಗೇರಿನಲ್ಲಿ ಹಾರಿದ ಪರಿಯನ್ನು ಎಷ್ಟು ಹೊಗಳಿದರೂ ಸಾಲದು: ಚಕ್ರದಡಿ ಇಟ್ಟಿದ್ದ ಲಿಂಬೆಹಣ್ಣಿನ ರಸ ಬಾವುಟ ಹಿಡಿದ ದೇವಣ್ಣನ ಕನ್ನಡಕದವರೆಗೂ ಹೋಯಿತು. ಆಮೇಲೆ ನಾನು ಎರಡನೇ ಗೇರು ಹಾಕಿದೆ. ಆ ಸುದ್ದಿ ತಮಗೆ ಇವತ್ತಿನವರೆಗೂ ಮುಟ್ಟಿದಂತಿಲ್ಲ. ಗೇರು ಬದಲಾದಾಗ ಎಂಜಿನ್ನಿನ ಸುತ್ತು ತುಸು ಇಳಿದು, ಕಾರನ್ನು ಹಿಡಿದು ಮುಂದೆ ದೂಡಬೇಕಲ್ಲವೇ? ಸುತ್ತು ತೋರಿಸುವ ಮುಳ್ಳು ಐದು ಸಾವಿರದಲ್ಲೇ ತಪಸ್ಸಿಗೆ ಕುಳಿತಿತು; ತಾವು ಎಣ್ಣೆ ಕಡೆಯುತ್ತ, ಹಪ್ಪಳ ಕರಿಯುವಷ್ಟು ಕಾಯಿಸುತ್ತ, ಗರ್ಜಿಸಿದಿರಿ; ಕಾರಿನ ವೇಗ ಮಾತ್ರ ಏರಲಿಲ್ಲ. ಕರ್ಕಿಯವಳಾದ ನನಗೆ ಪರದೆಯ ಹಿಂದಿನ ಆರ್ಭಟ ಹೊಸದಲ್ಲ, ಆದರೆ ನಮ್ಮೂರ ಯಕ್ಷಗಾನದ ಆಟದಲ್ಲಿ ರಾಕ್ಷಸ ಕೊನೆಗೊಮ್ಮೆ ರಂಗಕ್ಕೆ ಬರುತ್ತಾನೆ.

ಪಕ್ಕದಲ್ಲಿ ನನ್ನ ಎದುರಾಳಿ, ಅಘನಾಶಿನಿಯ ಶ್ರೀಧರಣ್ಣ, ಒಂದೊಂದೇ ಗೇರು ಬದಲಿಸುತ್ತ, ಸಂತೆಗೆ ಹೊರಟವರ ಹಾಗೆ ನನ್ನತ್ತ ಕೈಬೀಸಿ ಮುಂದೆ ಹೋದರು. ಗೆದ್ದ ಮೇಲೆ ಅವರು ನನ್ನ ಬಳಿ ಬಂದು, "ನಿಮ್ಮನೆ ಹಳೇ ಕನ್ವರ್ಟರ್ ಬಾಳ ಚಲೋ ಅದೆ ತಂಗಿ, ಗುಜರಿಯಲ್ಲಿ ಸಿಕ್ತು" ಎಂದು ಉಪಕಾರ ಸ್ಮರಿಸಿದರು. ನಮ್ಮ ಮನೆಯಿಂದ ಹೊರಬಿದ್ದ ಹಳಬರೇ ನಮ್ಮನ್ನು ಸೋಲಿಸಿದ್ದರು. ಹೊಟ್ಟೆ ಉರಿಯಿತು ಸ್ವಾಮಿ.

ಆದುದರಿಂದ ತಾವು ದಯಮಾಡಿ ಅಘನಾಶಿನಿಗೆ ಹೋಗಿ ಆ ಹಿರಿಯ ಕನ್ವರ್ಟರ್ ಅವರ ಕಾಲ ಬುಡದಲ್ಲಿ ಆರು ತಿಂಗಳು ಕುಳಿತು, ಗೇರು ಬದಲಾದಾಗ ಬಗ್ಗುವುದು ಹೇಗೆಂದು ಕಲಿತು ಬರಬೇಕು. ಅದಾಗದಿದ್ದರೆ ನಮ್ಮ ಎಂಜಿನ್ನಿಗೆ ಇನ್ನೆರಡು ಸಿಲಿಂಡರ್ ತಾವೇ ಹಡೆದು ಕೊಡಬೇಕು. ಅದೂ ಆಗದಿದ್ದರೆ ಅಡುಗೆಮನೆಗೆ ಬಂದು ಮಜ್ಜಿಗೆ ಕಡೆಯಬೇಕೆಂದು ಪ್ರಾರ್ಥನೆ.

ತಮ್ಮ ಬಿಸಿ ಆರುವುದನ್ನೇ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಕಲ್ಪನಾ, ಕರ್ಕಿ

ತಾ.ಕ.: ತಮಗಿಂತಲೂ ದೊಡ್ಡ ನಂಬರಿನವರನ್ನು ಹುಡುಕಿಕೊಂಡು ಹರೀಶರು ನಿನ್ನೆ ಭಟ್ಕಳಕ್ಕೆ ಹೋಗಿದ್ದಾಗ ಪೇಂಟರ್ ಸೋಮನನ್ನು ಕರೆಸಿ 'ಕಲ್ಪನಾ ಆಟೋ ವರ್ಕ್ಸ್' ಎಂದು ಬರೆಸಿದೆ. ಸಂಜೆ ಬಂದ ಹರೀಶರು ಬೋರ್ಡಿನ ಕೆಳಗೆ ನಿಂತು ತಮ್ಮ ಹಾಗೆಯೇ ಐದು ಸಾವಿರ ಸುತ್ತಿನ ಮೇಲೆ ಕೂಗಾಡಿದರು; ಸೋಮ ಬಿಟ್ಟುಹೋದ ಏಣಿಯ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಬೋರ್ಡು ಹಾಗೇ ಇದೆ.